ಜೋಳದ ಹೊಲಕ್ಕೆ ಬಂದ ನೀರು

ನಮ್ಮಜ್ಜಿ ಭಾಗಮ್ಮನ ಬದುಕು ಕೆಟ್ಟದ್ದು ಬರದಿಂದಲ್ಲ, ನೀರಿನಿಂದ. ಕೇಳಿದವರು ನಗುತ್ತಾರೆ. ನಗಲಿ, ಕಮಲಾಪುರದ ಆ ಹೊಲ ಅವರು ನೋಡಿಲ್ಲ.

ನಿಜಾಮರ ಕಾಲ. ಅಜ್ಜಿಯ ಗಂಡ, ನಮ್ಮ ಮುತ್ಯಾ ನೀಲಕಂಠ, ಮೇಲಿನ ಹೊಲದಲ್ಲಿ ಬಾವಿ ತೋಡಿಸಿ ಕೆಂಪು ಬಾಳೆ ಹಚ್ಚಿದ. ಗೊನೆ ಹೇರಿದ ಬಂಡಿ ಕಲಬುರಗಿ ಪೇಟೆಗೆ ಹೊರಟರೆ ಅವನ ಕೈ ತಾನಾಗಿಯೇ ಮೀಸೆಗೆ ಹೋಗುತ್ತಿತ್ತು. ಕೆಳಗಿನ ಜೋಳದ ಹೊಲ ಮಾತ್ರ ಭಾಗಮ್ಮನದು, ತವರಿನವರು ಕೊಟ್ಟದ್ದು. ಮನೆಮಂದಿಯ ರೊಟ್ಟಿಯೆಲ್ಲ ಅದರಿಂದಲೇ.

ಕೆಲವು ವರ್ಷಕ್ಕೆ ಬಾಳೆಯ ಬುಡದಲ್ಲಿ ನೆಲ ಬೆಳ್ಳಗಾಯಿತು. ಎಲೆಗಳ ಅಂಚು ಸುಟ್ಟಂತೆ ಕರಕಲಾಯಿತು. ಗಿಡಕ್ಕೆ ನೀರಡಿಕೆಯಾಗಿದೆ ಎಂದು ಮುತ್ಯಾ ಎತ್ತು ಹೂಡಿ ಮತ್ತಷ್ಟು ನೀರು ಹಾಯಿಸಿದ. ನೆಲ ಮತ್ತಷ್ಟು ಬೆಳ್ಳಗಾಯಿತು. ಒಂದು ದಿನ ಮಡಿವಾಳರ ಮುದುಕಿಯೊಬ್ಬಳು ಕತ್ತೆ ಹೊಡೆದುಕೊಂಡು ಬಂದು, ಬಟ್ಟೆ ಒಗೆಯಲು ಈ ಸವಳು ಮಣ್ಣು ಒಯ್ಯಲೇ ಎಂದು ಕೇಳಿದಳು. ಇಂಥ ಉಪ್ಪು ಮಣ್ಣಿಗೆ ಅವರು ಹಳ್ಳದ ದಂಡೆಯ ಹಾಳು ನೆಲ ಹುಡುಕಿ ಹೋಗುವವರು. ಮುತ್ಯಾ ಬೈದು ಅಟ್ಟಿದ. ಉಪ್ಪು ತರುತ್ತಿರುವುದು ಬಾವಿಯ ನೀರೇ ಎಂದು ಭಾಗಮ್ಮನಿಗೆ ಹೊಳೆಯಿತು.

ಅಂದು ರೊಟ್ಟಿ ಬಡಿಯುತ್ತಲೇ ಅಂದಳು, "ಬಾಳಿ ನಿಮ್ದು, ಏನರೆ ಮಾಡ್ಕೋರಿ. ನನ್ನ ಜ್ವಾಳದ ಹೊಲಕ್ಕ ಆ ನೀರು ಬಿಡಬ್ಯಾಡ್ರಿ."

ಅವನು ಹೂಂ ಅಂದ. ಕೆಟ್ಟವನಲ್ಲ ಆತ, ಹಟಮಾರಿ. ಮನೆ ಕೆಡಲು ಅಷ್ಟು ಸಾಲದೇ?

ಆಮೇಲೆ ಭಾಗಮ್ಮ ಮಗಳ ಬಾಣಂತನಕ್ಕೆ ಕಲಬುರಗಿಗೆ ಹೋದಳು. ಶರಣಬಸವೇಶ್ವರನ ಗುಡಿಯ ಹಿಂದೆ ಬೀಗರ ಮನೆ. ಕೂಸಿಗೆ ಎರೆಯುವಾಗಲೂ ಅವಳಿಗೆ ಹೊಲದ್ದೇ ಚಿಂತೆ. ಊರಿಂದ ಬಂದವರನ್ನು ಹಿಡಿದು ಹೊಲ ಹೇಗಿದೆ ಎಂದು ಕೇಳುತ್ತಿದ್ದಳು. ಅವರು ನಕ್ಕು, ಬಂದು ನೀನೇ ನೋಡು ಎನ್ನುತ್ತಿದ್ದರು. ಮುತ್ಯಾ ಎಲ್ಲರ ಬಾಯಿ ಕಟ್ಟಿದ್ದ.

ತೊಟ್ಟಿಲು ಕಾರ್ಯ ಮುಗಿಸಿಕೊಂಡು ಅವಳು ತಿರುಗಿ ಬಂದಾಗ, ಮನೆಗೂ ಬಿಡದೆ ನೇರ ಹೊಲಕ್ಕೆ ಕರೆದೊಯ್ದ. ಜೋಳ ಇರಬೇಕಾದಲ್ಲಿ ಬಾಳೆ ಸಸಿ, ಸಾಲಿನ ತುಂಬ ನೀರು.

"ನಿನಗಂತ ಹಚ್ಚೀನಿ, ಭಾಗೂ. ನನ್ನ ಹೊಲ ಹೋದರ ಹೋಗಲಿ, ನಿಂದರೆ ಹಸರ ಇರಲಿ."

ಭಾಗಮ್ಮ ಬಾಗಿ ನೋಡಿದಳು. ಸಾಲಿನ ಏರಿಯ ಮೇಲೆ ಆಗಲೇ ಬಿಳಿ ಕೂತಿತ್ತು. ಗುದ್ದಲಿ ಕಸಿದುಕೊಂಡು ಒಡ್ಡು ಕಡಿದಳು, ನೀರು ಹಳ್ಳಕ್ಕಾದರೂ ಹರಿಯಲಿ ಎಂದು. ಆದರೆ ಎರೆಮಣ್ಣು ಕುಡಿದದ್ದನ್ನು ಬಿಡುತ್ತದೆಯೇ?

ಮರುವರ್ಷ ಅಲ್ಲಿ ಬಿತ್ತಿದ ಜೋಳ ಗೇಣುದ್ದ ಎದ್ದು ಒಣಗಿತು.  ಭಾಗಮ್ಮ ಮಂದಿಯ ಹೊಲದಲ್ಲಿ ಕೂಲಿ ಮಾಡಿ ಜೋಳ ತಂದು, ರೊಟ್ಟಿ ಬಡಿದು, ಮೊದಲು ಗಂಡನ ಗಂಗಾಳಕ್ಕೇ ಹಾಕುತ್ತಿದ್ದಳು. ಅದನ್ನು ಮುರಿಯಲು ಮುತ್ಯಾನ ಕೈ ಏಳುತ್ತಿರಲಿಲ್ಲ.