ಜೆಬೆಲ್ ಶಮ್ಸ್ ದಾರಿಗೆ ಅಡ್ಡ ನಿಂತ ಪಿಕಪ್

ಎರಡು ಸಾವಿರದ ದಶಕದ ನಡುವಿನ ಒಂದು ಡಿಸೆಂಬರ್. ಆಗ ನಾನು ಒಮಾನಿನಲ್ಲಿ, ಬೆಟ್ಟದ ರಸ್ತೆಗಳನ್ನು ನೋಡಿಕೊಳ್ಳುವ ಗುತ್ತಿಗೆ ಕಂಪನಿಯೊಂದರ ಸ್ಲೋಪ್ ಇಂಜಿನಿಯರ್. ರಸ್ತೆಯ ಮೇಲಿನ ಬಂಡೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಉರುಳುತ್ತದೆ ಎಂದು ನೋಡುವುದೇ ಕೆಲಸ. ಉಡುಪಿ ಕಡೆಯವನಿಗೆ ಹಿಮದ ಸಹವಾಸ ಎಲ್ಲಿಂದ ಬರಬೇಕು? ಆದರೂ ಬಂತು. ಆ ವಾರ ಜೆಬೆಲ್ ಶಮ್ಸ್ ಬೆಟ್ಟದ ನೆತ್ತಿಗೆ ಋತುವಿನ ಮೊದಲ ಹಿಮ ಬಿದ್ದಿತ್ತು.

ಹಿಮದ ರಾಶಿಯೇ ಜಾರಿ ಬರುವ ಅವಲಾಂಚ್ ಅಲ್ಲಿ ಆಗುವುದಿಲ್ಲ. ಅಷ್ಟು ಹಿಮವೇ ಬೀಳುವುದಿಲ್ಲ. ಜಾರುವುದು ಕಲ್ಲು. ಹಗಲು ಕರಗಿದ ನೀರು ಬಂಡೆಯ ಸಂದಿಗಿಳಿದು, ರಾತ್ರಿ ಹೆಪ್ಪುಗಟ್ಟಿ ಉಬ್ಬಿ, ಬಿರುಕನ್ನು ಅಗಲಿಸುತ್ತದೆ. ಬಿಸಿಲೇರಿ ಮಂಜುಗಡ್ಡೆ ಹಿಡಿತ ಬಿಟ್ಟಾಗ ಬಂಡೆಯೂ ಬಿಡಬಹುದು. ಇದಕ್ಕೆ ಫ್ರೀಜ್-ಥಾ ಎನ್ನುತ್ತಾರೆ. ಮೊದಲ ಹಿಮಕ್ಕೇ ನಾನು ಹೆಚ್ಚು ಹೆದರುವುದು, ಯಾಕೆಂದರೆ ಬೇಸಿಗೆಯಿಡೀ ಸಡಿಲಾದ ಕಲ್ಲುಗಳೆಲ್ಲ ಇನ್ನೂ ಮೇಲೆಯೇ ಕೂತಿರುತ್ತವೆ.

ಶುಕ್ರವಾರ ಬೆಳಿಗ್ಗೆ ತಪಾಸಣೆಗೆ ಹೋದೆ. ಡಾಂಬರು ಮುಗಿದ ಮೇಲಿನ ಕಿರಿದಾದ ತಿರುವಿನಲ್ಲಿ, ಹಿಂದಿನ ವಾರ ಬೆರಳು ತೂರದಿದ್ದ ಬಿರುಕಿನೊಳಗೆ ನನ್ನ ಮುಷ್ಟಿ ಹೋಯಿತು. ಮ್ಯಾನೇಜರಿಗೆ ಫೋನ್ ಮಾಡಿದರೆ, ಇವತ್ತು ರಜೆ, ರಸ್ತೆ ಮುಚ್ಚುವ ಆದೇಶದ ವಿಚಾರ ನಾಳೆ ನೋಡೋಣ, ಇಳಿದು ಬಾ ಎಂದರು. ನನಗೆ ರಸ್ತೆ ಮುಚ್ಚುವ ಅಧಿಕಾರ ಇರಲಿಲ್ಲ, ನಿಜ. ಪಿಕಪ್ ಇತ್ತು. ತಿರುವಿಗಿಂತ ಸಾಕಷ್ಟು ಕೆಳಗೆ ಅದನ್ನೇ ರಸ್ತೆಗೆ ಅಡ್ಡ ನಿಲ್ಲಿಸಿದೆ.

ಸ್ವಲ್ಪ ಹೊತ್ತಿಗೆ ಕಾರುಗಳ ಸಾಲು ಹತ್ತಿ ಬಂತು. ಎಲ್ಲ ನಮ್ಮವರೇ. ಮಸ್ಕತ್ತಿನ ಕನ್ನಡ ಕುಟುಂಬಗಳು ಪುಳಿಯೋಗರೆ, ಸ್ವೆಟರುಗಳ ಸಮೇತ ಹಿಮ ನೋಡಲು ಹೊರಟಿದ್ದವು. ಮುಂದಿನ ಕಾರು ಸದಾನಂದಣ್ಣನದು. ನಾನು ಮಸ್ಕತ್ತಿಗೆ ಬಂದಿಳಿದ ಹೊಸತರಲ್ಲಿ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರು. ಪಕ್ಕದಲ್ಲಿ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರ ತಾಯಿ. ಒಮ್ಮೆ ಹಿಮ ಮುಟ್ಟಬೇಕೆಂಬುದು ಆ ಜೀವದ ಆಸೆ. ಎರಡು ದಿನ ಕಳೆದರೆ ಊರಿನ ವಿಮಾನ. ಹಿಮ ತುಂಬಿಸಿಕೊಳ್ಳಲು ಹಿಂದಿನ ಸೀಟಿನಲ್ಲಿ ಐಸ್ ಬಾಕ್ಸ್ ಬೇರೆ.

"ಎಂತ ಮಾರಾಯ, ನಮ್ಮನ್ನೇ ತಡೆಯುವುದಾ? ಹತ್ತು ನಿಮಿಷ, ಮುಟ್ಟಿ ಬರ್ತೇವೆ, ಖಲಾಸ್" ಎಂದರು ಸದಾನಂದಣ್ಣ.

ಬಿರುಕಿನ ಕಥೆ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದೇಶ ಎಲ್ಲಿ ಎಂದು ಒಬ್ಬರು ಕೇಳಿದರು. ಉಂಡ ಮನೆಯ ಜಂತೆ ಎಣಿಸುವವನು ಎಂದು ಇನ್ಯಾರೋ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಪಿಕಪ್ಪಿನ ಕೀಲಿಯನ್ನು ಕಿಸೆಗೆ ಹಾಕಿಕೊಂಡು ಬಾನೆಟ್ಟಿನ ಮೇಲೆ ಕೂತುಬಿಟ್ಟೆ.

ಆಗ ಆ ತಾಯಿ ಕಿಟಕಿಯ ಗಾಜು ಇಳಿಸಿದರು. "ನಿನ್ನ ಹೆಂಡತಿ ಮಗಳಾದ್ರೆ ಬಿಡ್ತಿದ್ಯಾ?"

"ಅವರೂ ಹಿಂದಿನ ಕಾರಲ್ಲೇ ಇದ್ದಾರೆ, ಅಮ್ಮ. ಮಗಳು ಅಳ್ತಾ ಇದ್ದಾಳೆ. ಅವಳನ್ನೂ ಬಿಡುವುದಿಲ್ಲ."

ಅವರು ನನ್ನ ಮುಖವನ್ನೊಮ್ಮೆ ನೋಡಿ ಮಗನಿಗೆ ಹೇಳಿದರು, "ಗಾಡಿ ತಿರುಗಿಸು."

ಐಸ್ ಬಾಕ್ಸ್ ಖಾಲಿಯೇ ಇಳಿಯಿತು. ಕತ್ತಲಾಗುವವರೆಗೂ ನಾನು ಅಲ್ಲೇ ಇದ್ದೆ. ಒಂದು ಬೆಣಚುಕಲ್ಲೂ ಉರುಳಲಿಲ್ಲ. ಮರುದಿನ ನಮ್ಮ ಕೆಲಸಗಾರರೇ ಆ ಬಂಡೆಯನ್ನು ಹಾರೆಯಿಂದ ಮೀಟಿ ಕೆಡವಿದರು. ಮೀಟಿದರೆ ಯಾವ ಬಂಡೆಯಾದರೂ ಬೀಳುತ್ತದೆ ಎಂದು ನಕ್ಕರು ಮಸ್ಕತ್ತಿನ ನಮ್ಮವರು. 'ಹಿಮಾಲಯ ಇಂಜಿನಿಯರ್' ಎಂಬ ಹೆಸರು ನಾನು ನಿವೃತ್ತನಾದರೂ ಬಿಟ್ಟಿಲ್ಲ.

ಆ ತಾಯಿ ಕೊನೆಗೂ ಹಿಮ ಮುಟ್ಟದೆಯೇ ತೀರಿಹೋದರು. ಅದು ಈಗಲೂ ನನ್ನನ್ನು ಕಾಡುತ್ತದೆ. ಆದರೆ ಕ್ಷಮೆ ಕೇಳುವುದಿಲ್ಲ. ತಾನು ಹೇಳಿದ್ದು ಸರಿ ಎನಿಸಿಕೊಳ್ಳಲು ಕಲ್ಲು ಬೀಳಲಿ ಎಂದು ಕಾಯುವವನು ಈ ಕೆಲಸಕ್ಕೆ ಲಾಯಕ್ಕಲ್ಲ.

ಮೊನ್ನೆ ನನ್ನ ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಸದಾನಂದಣ್ಣ ಮತ್ತೆ ಅದೇ ಮಾತು ತೆಗೆದರು, ಒಂದು ಕಲ್ಲೂ ಬೀಳಲಿಲ್ಲವಲ್ಲ ಎಂದು. ಅವತ್ತು ಆ ಕಾರುಗಳಲ್ಲಿದ್ದ ಮಕ್ಕಳೆಲ್ಲ ದೊಡ್ಡವರಾಗಿ ಸುತ್ತ ಕೂತಿದ್ದರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅವರ ಎಲೆಗಳಿಗೆ ಇನ್ನಷ್ಟು ಪಾಯಸ ಬಡಿಸಿದೆ.