ಬೋಳು ಸುರಗಿಯ ಕೆಳಗೆ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ನಕ್ಕು ಪುಟ ತಿರುವಿಹಾಕುತ್ತಿದ್ದೆ. ಹೈಸ್ಕೂಲಿನವರೆಗೆ ಓದಿದವನು ನಾನು. ದೆವ್ವ, ಚೌಡಿ ಅಂದವರನ್ನು ಎದುರಿಗೇ ಗೇಲಿ ಮಾಡಿದ್ದೇನೆ. ಈಗ ಹಾಗೆ ನಗುವವರನ್ನು ಕಂಡರೆ ಮೈ ಉರಿಯುತ್ತದೆ.

ಕೆರೆಕಟ್ಟೆಯಲ್ಲಿ ನಮ್ಮ ಮನೆಯ ಹಿಂದೆ, ಕಾಡಿನ ಅಂಚಿಗೆ, ಒಂದು ದೊಡ್ಡ ಸುರಗಿ ಮರವಿತ್ತು. ಸುತ್ತ ಬೇರೆ ಸುರಗಿ ಇರಲಿಲ್ಲ. ಅದು ಹೂ ಬಿಟ್ಟಾಗ, ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದ ಅಕ್ಕ ಬುಡದಲ್ಲಿ ಹಳೆ ಸೀರೆ ಹಾಸುತ್ತಿದ್ದಳು. ತಾನಾಗಿ ಉದುರಿದ್ದನ್ನು ಮಾತ್ರ ಆರಿಸಿ, ಮಾಲೆ ಕಟ್ಟಿ ಶೃಂಗೇರಿಯಲ್ಲಿ ಮಾರುತ್ತಿದ್ದಳು. ಅವಳದು ಅನ್ನುವ ಸಂಪಾದನೆ ಅದೊಂದೇ. ಆದರೆ ಒಣಗಿಸಿ ಬಣ್ಣಕ್ಕೆ ಕಳಿಸುವ ಕೊಪ್ಪದ ವ್ಯಾಪಾರಿಗೆ ಬೇಕಾದದ್ದು ಅರಳದ ಮೊಗ್ಗು. ನಾನು ಬಿಟ್ಟರೆ ಬೇರೆಯವರು ಬರುತ್ತಾರೆಂದು ಒಂದು ವರ್ಷ ಮೊಗ್ಗಿದ್ದ ಕೊಂಬೆಗಳನ್ನೆಲ್ಲ ಕಡಿದು ಕೆಡವಿದೆ. ನೆಲದ ಮೇಲೆ ಕೂತು ಬಿಡಿಸುವುದು ಸುಲಭ. ನಮ್ಮ ಕಡೆ ಎಲ್ಲರೂ ಮಾಡುವುದು ಹಾಗೇ. ಮರ ಒಣಗಿತು. ಅಕ್ಕ ನನ್ನೊಡನೆ ಮಾತು ಬಿಟ್ಟಳು.

ಮರುವರ್ಷ ಒಂದು ಮಧ್ಯಾಹ್ನ, ಒಣಗಿದ ಮರವನ್ನು ಸೌದೆ ಮಾಡೋಣವೆಂದು ಕೊಡಲಿ ಹಿಡಿದು ಹೋದೆ. ಅಕ್ಕ ಬುಡದಲ್ಲಿ ಕೂತಿದ್ದಳು. ಹಾಸಿದ ಸೀರೆಯ ತುಂಬ ಸುರಗಿ ಹೂ! ಬಿಳಿ ಎಸಳು, ನಡುವೆ ಹಳದಿ ಕೇಸರ, ಆಗಷ್ಟೇ ಅರಳಿದಂತೆ. ನನ್ನನ್ನು ಅಣಕಿಸಲು ಯಾರೋ ತಂದು ಸುರಿದಿದ್ದಾರೆಂದು ಸಿಟ್ಟು ನೆತ್ತಿಗೇರಿತು.

“ಯಾವನು ಅಕ್ಕ ಇದನ್ನ ತಂದು ಹಾಕಿದ್ದು? ಅವನ ಕೈ ಮುರೀತೀನಿ!”

“ಇನ್ನು ಯಾರದ್ದು ಮುರೀತೀಯ ಮಾರಾಯ? ಮರದ್ದು ಮುರಿದಾಯ್ತಲ್ಲ,” ಅಂದಳು. ಒಂದು ವರ್ಷದ ಮೇಲೆ ನನ್ನೊಡನೆ ಆಡಿದ ಮಾತು. “ಮೇಲೆ ನೋಡ್ಬೇಡ. ಕಣ್ಣಿಗೆ ಬೀಳ್ತದೆ.”

ನೋಡಿದೆ. ಬೋಳು ಕಾಂಡ, ಅದರಾಚೆ ಬಿಸಿಲು. ಹಿಂದಿನ ಕಾಡಿನಲ್ಲೂ ಒಂದು ಎಲೆ ಅಲುಗುತ್ತಿರಲಿಲ್ಲ. ನೋಡುತ್ತಿದ್ದಂತೆಯೇ ಒಂದು ಹೂ ನನ್ನ ಕೆನ್ನೆಗೆ ತಾಗಿ ಸೀರೆಯ ಮೇಲೆ ಬಿತ್ತು. ಇನ್ನೊಂದು ಬಿತ್ತು. ಬಾಯಿಗೆ ಬಂದಂತೆ ಬೈದೆ, ಯಾರನ್ನೆಂದು ನನಗೇ ಗೊತ್ತಿಲ್ಲ. ಅಕ್ಕ ಸೀರೆಯ ಮೂಲೆಗಳನ್ನು ಕೂಡಿಸಿ ಗಂಟು ಕಟ್ಟಿದಳು. ಹೊರಲು ಕೈ ಚಾಚಿದೆ. ಗಂಟನ್ನು ಆಚೆ ಸೊಂಟಕ್ಕೆ ಸರಿಸಿಕೊಂಡು ಶೃಂಗೇರಿ ಬಸ್ಸಿಗೆ ನಡೆದಳು.

ಗಾಳಿ ತಂದದ್ದು, ಮಂಗ ತಂದದ್ದು ಎಂದು ನನಗೆ ವಿವರಿಸುವವರು ಈಗಲೂ ದೂರದ ಕಾಡಿಗೆ ಹೋಗಿ ಮೊಗ್ಗಿಗಾಗಿ ಸುರಗಿಯ ಕೊಂಬೆ ಕಡಿಯುತ್ತಲೇ ಇದ್ದಾರೆ. ಬೇಡವೆಂದರೆ, “ನಿಮ್ಮನ್ನ ನೋಡಿಯೇ ಕಲಿತದ್ದಲ್ವಾ?” ಎನ್ನುತ್ತಾರೆ. ಅವರ ಮೇಲೆ ಸಿಟ್ಟು ಬರುತ್ತದೆ; ಕಲಿಸಿದ ನನ್ನ ಮೇಲೆ ಇನ್ನೂ ಹೆಚ್ಚು.

ಅದು ಏನೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಮರುದಿನ ನಾನೊಬ್ಬನೇ ಹೋಗಿ, ಪಂಚೆ ಹಾಸಿ, ಕತ್ತಲಾಗುವವರೆಗೆ ಕೂತಿದ್ದೆ. ಒಂದು ಒಣ ತೊಗಟೆಯೂ ಬೀಳಲಿಲ್ಲ.