ಗಿರಿಜಕ್ಕನ ಕಾರಿಗೆ ದೊಡ್ಡ ಚಕ್ರ

ಹೊಸ ಟೈರಿನ ವಾಸನೆ ನಿಮಗೆ ಇಷ್ಟವೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಆ ರಬ್ಬರಿನ ಘಾಟು ಮೂಗಿಗೆ ಬಡಿದರೆ ಏನೋ ಒಂದು ಖುಷಿ. ಮೊನ್ನೆ ಮೊಮ್ಮಗಳ ಜೊತೆ ಕುಶಾಲನಗರದ ಟೈರ್ ಅಂಗಡಿಗೆ ಹೋಗಿದ್ದೆ. ಅವಳು ಈಚೆಗೆ ಕೊಂಡ ಕಾರು ನೆಲಕ್ಕೆ ಅಂಟಿಕೊಂಡಂತಿದೆ. ಹತ್ತುವಾಗ ನನ್ನ ಮಂಡಿ, ಇಳಿಯುವಾಗ ನನ್ನ ಸೊಂಟ ದೂರು ಹೇಳುತ್ತವೆ. ಅದಕ್ಕೆ ಒಂದು ಸೈಜು ದೊಡ್ಡ ಚಕ್ರ ಹಾಕಿಸಬೇಕೆಂದು ಅವಳ ಹಟ. "ಕಾರು ಮಾಡಿದವರಿಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದು ಗೊಣಗಿ ಮೂಲೆಯ ಸ್ಟೂಲಿನ ಮೇಲೆ ಕೂತೆ. ಕೂತ ಮೇಲೆ ಹೊಳೆಯಿತು, ಅದು ನನ್ನ ಮಾತೇ ಅಲ್ಲ. ನಮ್ಮ ಅಪ್ಪಯ್ಯ ನನ್ನ ಅಕ್ಕ ಗಿರಿಜಕ್ಕನಿಗೆ ಹೇಳಿದ ಮಾತು.

ನಮ್ಮದು ಕೊಡ್ಲಿಪೇಟೆ ಕಡೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ತೋಟ ಮಾರಿ ತಮ್ಮ ದೇಶಕ್ಕೆ ಹೊರಟ ಇಂಗ್ಲಿಷ್ ದೊರೆಗಳು ಕುರ್ಚಿ ಮೇಜು, ಬೇಟೆನಾಯಿ, ಪಿಂಗಾಣಿ ತಟ್ಟೆ ಎಲ್ಲವನ್ನೂ ಬಂದಷ್ಟಕ್ಕೆ ಕೊಟ್ಟು ಹೋಗುತ್ತಿದ್ದ ಕಾಲ. ಬೇರೆಯವರು ತಟ್ಟೆ ಕೊಂಡರು. ಗಿರಿಜಕ್ಕ ಕಾರು ಕೊಂಡಳು. ಎರಡೇ ಸೀಟಿನ, ಮೇಲೆ ಟಾಪಿಲ್ಲದ ಕೆಂಪು ಕಾರು. ಓಡಿಸುವುದನ್ನು ಅದನ್ನು ಮಾರಿದ ದೊರೆಯ ಡ್ರೈವರನಿಂದಲೇ ಕಲಿತಳು. ಟಾರು ರಸ್ತೆಯಲ್ಲಿ ಅವಳು ಹೊರಟರೆ ಬಸ್ಸಿನವರು ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಕಾರು ನನ್ನದೇ ಎಂಬಂತೆ ಗಂಭೀರವಾಗಿ ಮುಖ ಮಾಡಿಕೊಳ್ಳುತ್ತಿದ್ದೆ.

ಶೋಕಿಗೆ ಕೊಂಡದ್ದಲ್ಲ. ಅಪ್ಪಯ್ಯ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಎರಡು ಕಾಫಿ ತೋಟಗಳನ್ನೂ ನೋಡಿಕೊಳ್ಳುತ್ತಿದ್ದವಳು ಅವಳೇ. ಒಂದು ಮನೆಯ ಸುತ್ತ, ಇನ್ನೊಂದು ಶನಿವಾರಸಂತೆಯ ಆಚೆ. ಬಿ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಅರೇಬಿಕಾ ಗಿಡಕ್ಕೂ ರೋಬಸ್ಟಾ ಗಿಡಕ್ಕೂ ವ್ಯತ್ಯಾಸ ಗೊತ್ತಿತ್ತು, ಅಷ್ಟೆ. ದೂರದ ತೋಟಕ್ಕೆ ಬೆಳಿಗ್ಗೆ ಹೋಗಿ ಸಂಜೆಗೆ ಬರಲು ಅಕ್ಕನಿಗೆ ಕಾರು ಬೇಕಿತ್ತು. ಆದರೆ ಆ ಕಾರು ನಮ್ಮ ಮನೆಗೇ ಬರುತ್ತಿರಲಿಲ್ಲ.

ನಮ್ಮ ಮನೆ ಗುಡ್ಡದ ಮೇಲೆ. ಎತ್ತಿನ ಗಾಡಿ ಓಡಾಡಿ ದಾರಿಯ ಎರಡೂ ಕಡೆ ಆಳದ ಜಾಡು ಬಿದ್ದು, ನಡುವೆ ಕಲ್ಲು ಹುಲ್ಲಿನ ಒಂದು ದಿಬ್ಬ ಉಳಿದಿತ್ತು. ಕಾರಿನ ಹೊಟ್ಟೆ ಆ ದಿಬ್ಬದ ಮೇಲೆ ಕೂತುಬಿಡುತ್ತಿತ್ತು. ಚಕ್ರ ಗಾಳಿಯಲ್ಲಿ ತಿರುಗುವುದು, ಆಳುಗಳು ಬಂದು ಎತ್ತುವುದು. ದಿಬ್ಬ ಕಡಿದು ಸಮ ಮಾಡೋಣ ಎಂದರೆ ಅಪ್ಪಯ್ಯ ಒಪ್ಪಲಿಲ್ಲ. "ಆ ಕಲ್ಲು ಕಿತ್ರೆ ಮಳೆಗಾಲ್ದಲ್ಲಿ ದಾರಿನೇ ಕೊಚ್ಕೊಂಡ್ ಹೋಯ್ತದೆ" ಎಂದರು. ಅದು ನಿಜವೂ ಆಗಿತ್ತು.

ಹಾಗಾಗಿ ಕಾರು ಕೆಳಗೆ ಟಾರು ರಸ್ತೆಯ ಪಕ್ಕದ ಗೋದಾಮಿನಲ್ಲಿ ನಿಂತಿತು. ಅಷ್ಟರಲ್ಲಿ ಅಪ್ಪಯ್ಯನ ಕಾಲೂ ಸರಿಹೋಯಿತು. ಒಂದು ದಿನ ಊಟಕ್ಕೆ ಕೂತಾಗ ಅವರು ಹೇಳಿದರು: "ಲಾರಿ ಬಸಪ್ಪ ಕಾರು ಕೊಡ್ತೀರಾ ಅಂತ ಕೇಳ್ತಾವ್ನೆ. ಮನೆಗೇ ಬರ್ದಿರೋ ಕಾರು ನಮಗ್ಯಾಕೆ, ಕೊಟ್ಬಿಡಾನ. ದೂರದ ತೋಟಕ್ಕೆ ಲೆಕ್ಕ ನೋಡಾಕೆ ಒಬ್ಬ ರೈಟರ್ ಇಟ್ರಾಯ್ತು. ನೀನಿನ್ನು ಮನೇಲಿರವ್ವ, ಸಾಕು."

ಅಕ್ಕ ಅನ್ನ ಕಲಸುವುದನ್ನು ನಿಲ್ಲಿಸಿದಳು. "ಕಾರು ಮೇಲಕ್ಕೆ ಬಂದ್ರೆ?"

"ಹೆಂಗೆ ಬತ್ತದೆ?"

"ದೊಡ್ಡ ಚಕ್ರ ಹಾಕಿಸ್ತೀನಿ."

"ಕಾರು ಮಾಡಿದೋರಿಗಿಂತ ನಿಂಗೆ ಜಾಸ್ತಿ ಗೊತ್ತೇನವ್ವ?" ಎಂದು ಅಪ್ಪಯ್ಯ ನಕ್ಕರು. ಆಮೇಲೆ ಅವರಿಗೂ ಛಲ ಬಂತು. "ಆಯ್ತು. ಬರೋ ತಿಂಗಳ ಮೊದಲ ಸಂತೆ ದಿನ ನನ್ನ ಕೂರಿಸ್ಕೊಂಡು ಸಂತೆಯಿಂದ ಅಂಗಳದವರೆಗೆ ಬಾ. ಹೊಟ್ಟೆ ತಾಗಬಾರ್ದು, ಯಾರೂ ತಳ್ಳಬಾರ್ದು. ಬಂದ್ರೆ ಕಾರೂ ನಿಂದು, ತೋಟಾನೂ ನಿಂದು. ಬರ್ದಿದ್ರೆ ಕಾರು ಬಸಪ್ಪಂದು."

ನಮ್ಮ ಅಪ್ಪಯ್ಯನನ್ನು ನೀವು ನೋಡಿಲ್ಲ. ನೋಡಿದ್ದರೆ ಈ ಷರತ್ತು ಎಷ್ಟು ತೂಕದ್ದೆಂದು ತಿಳಿಯುತ್ತಿತ್ತು. ಅವರು ಜಗಲಿಯ ಬೆಂಚಿನ ಒಂದು ತುದಿಯಲ್ಲಿ ಕೂತರೆ ಇನ್ನೊಂದು ತುದಿ ಏಳುತ್ತಿತ್ತು.

ವಿಜ್ಞಾನಿ ನಾನು ಕಾರಿನ ಕೆಳಗೆ ನುಗ್ಗಿ ಅಳೆದೆ. ದಿಬ್ಬ ದಾಟಲು ಮೂರು ಬೆರಳಿನಷ್ಟು ಎತ್ತರ ಕಡಿಮೆ ಬೀಳುತ್ತಿತ್ತು. "ಮೂರು ಬೆರಳು ದೊಡ್ಡ ಚಕ್ರ ಹಾಕಿದರಾಯ್ತು" ಎಂದು ತೀರ್ಪು ಕೊಟ್ಟೆ. ಅಕ್ಕ ನನ್ನನ್ನೇ ನೋಡಿದಳು. "ಚಕ್ರ ದೊಡ್ಡದಾದ್ರೆ ಅಚ್ಚಿನ ಮೇಲೂ ಬೆಳೀತದೆ, ಕೆಳಗೂ ಬೆಳೀತದೆ ಕಣೋ. ಕಾರು ಏಳೋದು ಅರ್ಧಾನೇ. ಕಾಲೇಜಲ್ಲಿ ಏನ್ ಓದ್ದೆ?" ಹಾಗಾದರೆ ಆರು ಬೆರಳು ದೊಡ್ಡದಿರಲಿ ಎಂದು ಗ್ಯಾರೇಜಿನ ಇಸ್ಮಾಯಿಲ್ ಸಾಬರು ಹೇಳಿದರು. "ಜೀಪಿಂದು ಹಾಕಿಬಿಡುವ ಅಮ್ಮ. ಗುಡ್ಡ ಅಲ್ಲ, ಗೋಡೆ ಹತ್ತುತ್ತೆ."

ಜೀಪಿನ ಚಕ್ರ ಹಾಕಿ, ಪಕ್ಕದ ತೋಟದವರ ಕಾಫಿ ಒಣಗಿಸುವ ಕಣದಲ್ಲಿ ಓಡಿಸಿ ನೋಡಿದೆವು. ಆಹಾ, ಏನು ನಿಲುವು, ಏನು ಗತ್ತು! ಸಾಬರು ಚಪ್ಪಾಳೆ ತಟ್ಟಿದರು. ಅಂಗೈಯಷ್ಟು ನುಣುಪಾದ ಸಿಮೆಂಟು ಕಣದಲ್ಲಿ ಕಾರು ಚೆನ್ನಾಗಿ ಓಡದೆ ಇನ್ನೇನು ಮಾಡುತ್ತದೆ ಎಂದು ಮೂವರಿಗೂ ತೋಚಲಿಲ್ಲ. ಅಲ್ಲಿಂದ ನೇರ ಮನೆ ದಾರಿಗೆ ಹೋದೆವು. ಮೊದಲ ತಿರುವಿನಲ್ಲೇ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರಕರ ಎಂದಿತು. ಎರಡನೆಯ ಏರಿನಲ್ಲಿ ಇಂಜಿನ್ ಉಸಿರುಗಟ್ಟಿ ನಿಂತೇಹೋಯಿತು. ಹಿಂದಕ್ಕೆ ಜಾರಿದ ಕಾರನ್ನು ಕಾಫಿ ಹಣ್ಣು ಕೊಯ್ಯುವ ಪಿಕಿಂಗಿಗೆ ಬಂದಿದ್ದ ಹೆಂಗಸರು ನಗುತ್ತಾ ಹಿಡಿದು ನಿಲ್ಲಿಸಿದರು. ಮೇಲೆ ಜಗಲಿಯಲ್ಲಿ ಅಪ್ಪಯ್ಯ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಿಂತಿದ್ದರು.

ಅವತ್ತು ಅಕ್ಕ ಕತ್ತಲಾದರೂ ಮೆಟ್ಟಿಲ ಮೇಲೆ ಕೂತೇ ಇದ್ದಳು. ಅತ್ತಳೋ ಏನೋ, ನಾನು ನೋಡಲು ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಅವಳೇ ಹೇಳಿದಳು: "ಎರಡೆರಡು ಮೆಟ್ಲು ಒಟ್ಟಿಗೆ ಹತ್ತಿದ್ರೆ ನಂಗೂ ಏದುಸಿರು ಬತ್ತದೆ. ಕಾರಿಗೂ ಹಂಗೇ ಆಗಿದೆ. ತೀರಾ ದೊಡ್ಡದು ಬೇಡ, ನಡುವಿಂದು ನೋಡಾನ." ನಾಲ್ಕು ಬೆರಳು ದೊಡ್ಡದಾದ ಚಕ್ರವನ್ನು ಸಾಬರು ಹಾಸನದಿಂದ ತರಿಸಿದರು. ಅದರಿಂದ ಸಿಗುವುದು ಎರಡು ಬೆರಳು. ಉಳಿದ ಒಂದು ಬೆರಳಿಗಾಗಿ ಕಾರಿನ ಸ್ಪ್ರಿಂಗಿಗೆ ಒಂದು ಉಕ್ಕಿನ ಪಟ್ಟಿ ಹೆಚ್ಚು ಸೇರಿಸಿದರು.

ಈ ಸಲ ಅಕ್ಕ ಕಣದ ಕಡೆ ತಲೆ ಹಾಕಲಿಲ್ಲ. ಎರಡು ಮೂಟೆ ಕಾಫಿ ತಂದು ಪಕ್ಕದ ಸೀಟಿನಲ್ಲಿ ಕೂರಿಸಿ ಹಗ್ಗ ಬಿಗಿದಳು. "ಇದೇ ಅಪ್ಪಯ್ಯ" ಎಂದಳು. ನಾನು ಸುಮ್ಮನಿರಲಾರದೆ ಅಪ್ಪಯ್ಯನ ಹಳೇ ಕೋಟನ್ನು ಮೂಟೆಗೆ ತೊಡಿಸಿದೆ. ಆ ಭಾರಕ್ಕೆ ಕಾರು ತಗ್ಗಿದ ಮೇಲೆ ಟೈರಿಗೆಲ್ಲ ಹಸಿ ಸುಣ್ಣ ಬಳಿದು ಸ್ಟೀರಿಂಗನ್ನು ಪೂರ್ತಿ ಅತ್ತ ಇತ್ತ ತಿರುಗಿಸಿದೆವು. ಮಡ್‌ಗಾರ್ಡಿನ ಒಳಗೆ ಎಲ್ಲಿ ಬಿಳಿ ಅಂಟಿತೋ ಅಲ್ಲಿ ಸಾಬರು ತಗಡನ್ನು ಬಡಿದು ಟೈರಿನಿಂದ ಆಚೆ ಸರಿಸಿದರು. ಬಿಳಿ ಅಂಟುವುದು ನಿಲ್ಲುವವರೆಗೂ ಬಳಿದದ್ದೇ ಬಳಿದದ್ದು. ಆ ದಾರಿಯಲ್ಲಿ ಬಂದ ಅಪ್ಪಯ್ಯ ಮೂಟೆಯನ್ನೂ ಕೋಟನ್ನೂ ನೋಡಿದರು. "ನಾನಿಷ್ಟು ದಪ್ಪ ಇಲ್ಲ" ಎಂದು ಹೊರಟುಹೋದರು.

ಸಂತೆಯ ದಿನ ಬಂತು. ಬಸಪ್ಪ ಬೆಳಿಗ್ಗೆಯೇ ಬಂದು ನಮ್ಮ ಜಗಲಿಯಲ್ಲಿ ಕೂತಿದ್ದ. ಸಂತೆಯಲ್ಲಿ ಅಪ್ಪಯ್ಯ ಏನು ಮಾಡಿದರು ಗೊತ್ತೇ? ಒಂದು ಒರಳುಕಲ್ಲು ಕೊಂಡರು. ಇಬ್ಬರು ಆಳು ಎತ್ತಿ ತಂದ ಕಲ್ಲನ್ನು ಸೀಟಿನ ಹಿಂದೆ ಇಡಿಸಿ, "ಮನೆಗೆ ಬೇಕಾಗಿತ್ತು" ಎಂದರು. ಮನೆಯಲ್ಲಿ ಆಗಲೇ ಎರಡು ಇದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಮಾತ್ರ ಹಿಂದೆ ತೂರಿಕೊಂಡಿದ್ದ ನನ್ನ ಕಡೆ ತಿರುಗಿ, "ನೀನಿಳಿ, ಬಸ್ಸಲ್ಲಿ ಬಾ" ಎಂದಳು.

ಬಸ್ಸು ಮೊದಲು ಹೊರಟಿತು. ಗುಡ್ಡದ ಬುಡದಲ್ಲಿ ಇಳಿದು ಕಾಯುತ್ತಿದ್ದೆ. ಕಾರು ಬಂತು, ಜಾಡಿಗೆ ಇಳಿಯಿತು. ನಾನು ಸೊಂಟ ಬಗ್ಗಿಸಿ ಹೊಟ್ಟೆಯ ಕೆಳಗೇ ಕಣ್ಣಿಟ್ಟು ಹಿಂದೆ ಓಡಿದೆ. ದಿಬ್ಬದ ಹುಲ್ಲು ಹೊಟ್ಟೆಗೆ ಸವರಿ ಬಾಗುತ್ತಿತ್ತು, ಕಲ್ಲು ತಾಗುತ್ತಿರಲಿಲ್ಲ. ಮೊದಲ ತಿರುವಿನಲ್ಲಿ ಕರಕರ ಇಲ್ಲ. ಎರಡನೆಯ ಏರು ಬಂತು. ಇಂಜಿನ್ ಗೊಗ್ಗರು ದನಿ ತೆಗೆದು, ಕಾರು ನನ್ನ ನಡಿಗೆಗಿಂತ ನಿಧಾನವಾಯಿತು. ಇನ್ನೇನು ನಿಂತಿತು ಅನ್ನುವಾಗ ಅಪ್ಪಯ್ಯನ ದನಿ ಕೇಳಿಸಿತು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಳೀಲಾ ಮಗ?"

ಅಕ್ಕ ದಾರಿಯಿಂದ ಕಣ್ಣು ಕೀಳಲಿಲ್ಲ. "ಕೂತ್ಕೊಳಿ ಅಪ್ಪಯ್ಯ."

ಕೂತರು. ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದು, ತಾವೇ ಕಾರನ್ನು ಎಳೆಯುತ್ತಿರುವ ಹಾಗೆ ಮುಂದಕ್ಕೆ ಬಾಗಿ ಕೂತರು. ಕಾರು ಒಂದು ಮೊಳ ಹೋಯಿತು, ಇನ್ನೊಂದು ಮೊಳ ಹೋಯಿತು, ಆಮೇಲೆ ಏರು ಮುಗಿದೇಹೋಯಿತು. ಪಿಕಿಂಗಿನ ಹೆಂಗಸರು ಕುಕ್ಕೆ ಕೆಳಗಿಟ್ಟು ಕೂಗಿದರು. ನಾನೂ ಕೂಗಿದೆ. ಕೂಗಿ ಕೂಗಿ ಎರಡು ದಿನ ನನಗೆ ಗಂಟಲೇ ಇರಲಿಲ್ಲ.

ಅಂಗಳದಲ್ಲಿ ಕಾರು ನಿಂತಿತು. ಬಸಪ್ಪ ಜಗಲಿ ಇಳಿದು ಬಂದು ಚಕ್ರ ನೋಡಿದ, ಬಗ್ಗಿ ಹೊಟ್ಟೆ ನೋಡಿದ. ಅವನ ಆಸೆ ಇನ್ನೂ ಹೆಚ್ಚಾದಂತಿತ್ತು. "ಗೌಡ್ರೇ, ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಕೊಡ್ತೀನಿ, ಏನಂತೀರಿ?" ಎಂದ.

ಅಪ್ಪಯ್ಯ ಸೀಟಿನಿಂದ ಏಳಲಿಲ್ಲ. "ನನ್ನೇನ್ ಕೇಳ್ತೀಯ? ಕಾರು ಅವಳ್ದು. ಅವಳನ್ನ ಕೇಳು" ಎಂದರು. ಅಕ್ಕನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆಯೇ "ಕೊಡಲ್ಲ" ಎಂದಳು. ಆ ತೋಟವನ್ನು ಅವಳು ಕಣ್ಣು ಮುಚ್ಚುವವರೆಗೂ ನಡೆಸಿದಳು, ನಮ್ಮ ಕಡೆಯಲ್ಲಿ ಅಂಥ ತೋಟ ಇನ್ನೊಂದಿರಲಿಲ್ಲ.

"ಸಾರ್," ಎಂದು ಯಾರೋ ಕರೆದಂತಾಯಿತು. ಟೈರ್ ಅಂಗಡಿಯವನು ಕೈ ಒರೆಸಿಕೊಳ್ಳುತ್ತಾ ನನ್ನ ಮುಂದೆ ನಿಂತಿದ್ದ. ಮೊಮ್ಮಗಳು ಅವನ ಹಿಂದೆ ಬಾಯಿ ಬಿಗಿದು ನಿಂತಿದ್ದಳು. "ದೊಡ್ಡದು ಹಾಕಾದಾ, ಬೇಡ್ವಾ? ನೀವ್ ಹೇಳ್ದಂಗೆ."

ಬೇಡ ಎನ್ನಲು ನನ್ನ ಬಾಯಿ ಆಗಲೇ ತಯಾರಾಗಿತ್ತು. ಮುಚ್ಚಿಕೊಂಡೆ.

"ಕಾರು ಅವಳದಪ್ಪ," ಎಂದೆ. "ಅವಳನ್ನ ಕೇಳು."